ಎಣಿಸಿದ್ದು ಎಷ್ಟು ಗಿಡ?

ಮಲೆನಾಡಿನವರಿಗೆ ಸೀತಾಳೆ ದಂಡೆ ಗೊತ್ತೇ ಇದೆ. ಮರದ ಕೊಂಬೆಯಿಂದ ಜೋತುಬಿದ್ದು, ಮಳೆ ಶುರುವಾಗುವ ಹೊತ್ತಿಗೆ ಹೂ ಬಿಡುವ ಆರ್ಕಿಡ್ ಅದು. ಅದೇ ಬಳಗದ ಇನ್ನೊಂದು ಗಿಡ ಕೇರಳ–ತಮಿಳುನಾಡು ಗಡಿಯ ಅಗಸ್ತ್ಯಮಲೆಯಲ್ಲಿದೆ. ಇದು ಮರದ ಮೇಲೆ ಬೆಳೆಯುವುದಿಲ್ಲ. ಸುಮಾರು 1,400 ಮೀಟರ್ ಎತ್ತರದಲ್ಲಿ, ಹುಲ್ಲು ಮತ್ತು ಬಂಡೆಗಳ ನಡುವೆ ನೆಲದಲ್ಲೇ ಬೇರೂರುತ್ತದೆ. ಹೆಸರು ಪ್ಯಾಫಿಯೋಪೆಡಿಲಮ್ ಡ್ರೂರಿ. ಇದು ಕಾಡುಗಿಡವಾಗಿ ಉಳಿದಿರುವುದು ಇಡೀ ಜಗತ್ತಿನಲ್ಲಿ ಆ ಬೆಟ್ಟಸಾಲಿನಲ್ಲಿ ಮಾತ್ರ.

ಹೂವು ಹಳದಿ. ದಳಗಳ ನಡುವೆ ಕುಂಚದಲ್ಲಿ ಎಳೆದಂಥ ಕಂದು ಗೆರೆ. ಕೆಳಗಿನ ದಳ ಚಪ್ಪಲಿಯ ಮೂತಿಯಂತೆ ಚೀಲವಾಗಿದೆ. ಕೀಟ ಜಾರಿ ಅದರೊಳಗೆ ಬಿದ್ದರೆ ಹೊರಬರಲು ಹಿಂಬದಿಯ ಇಕ್ಕಟ್ಟಾದ ಸಂದಿಯೇ ಗತಿ. ಅಲ್ಲಿ ನುಸುಳುವಾಗ ಮೈಗೆ ಪರಾಗ ಮೆತ್ತಿಕೊಳ್ಳುತ್ತದೆ. ಇಷ್ಟು ಕಷ್ಟಪಟ್ಟರೂ ಕೀಟಕ್ಕೆ ಒಂದು ಹನಿ ಮಕರಂದವೂ ಸಿಗುವುದಿಲ್ಲ!

ಇಂಥ ಗಿಡದ ಗಣತಿ ಅಂದರೆ ಸುಮ್ನೆ ತಲೆ ಎಣಿಸುವುದಲ್ಲ. ಹೂವಿಲ್ಲದಾಗ ಎಲೆಗಳು ಹುಲ್ಲಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಹೂವಿನ ಕಾಲದಲ್ಲಿ ಹೋದರೂ ಇನ್ನೊಂದು ತೊಡಕಿದೆ. ಇದರ ಕಾಂಡ ಶುಂಠಿಯ ಹಾಗೆ ಮಣ್ಣಿನಲ್ಲಿ ಅಡ್ಡಡ್ಡ ಹರಿದು, ಅಲ್ಲಲ್ಲಿ ಹೊಸ ಚಿಗುರು ಎಬ್ಬಿಸುತ್ತದೆ. ಒಂದು ಮಾರು ಜಾಗದಲ್ಲಿ ಹತ್ತು ಗುಂಪು ಎಲೆ ಕಂಡರೆ ಅವು ಹತ್ತು ಗಿಡವೋ, ಒಂದೇ ಗಿಡವೋ? ಅಗೆದು ನೋಡುವ ಹಾಗಿಲ್ಲ. ಖಚಿತವಾಗಬೇಕಾದರೆ ಎಲೆಯ ಚೂರು ತಂದು ಡಿಎನ್‌ಎ ಹೋಲಿಸಬೇಕು. ಒಂದೇ ಗಿಡವಾಗಿದ್ದರೆ ಅದಕ್ಕೆ ಬರುವ ರೋಗ ಹತ್ತಕ್ಕೂ ಬಂದೀತು.

ಅದಕ್ಕೇ ನನ್ನ ಮಟ್ಟಿಗೆ ಹೂವಿಗಿಂತ ಮುಖ್ಯ ಬೀಜದಿಂದ ಹುಟ್ಟಿದ ಸಸಿ; ಅದು ಹಳೇ ಗಿಡದ ಚಿಗುರಲ್ಲ, ಬೇರೆಯೇ ಗಿಡ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇಲ್ಲ. ಮಣ್ಣಿನ ಶಿಲೀಂಧ್ರ ಉಣಿಸಿದರಷ್ಟೇ ಮೊಳಕೆ ಬದುಕುತ್ತದೆ. ಹಾಗಾಗಿ ಗಣತಿಗೆ ಹೋದವರು ಮೊಣಕಾಲೂರಿ ಹುಲ್ಲು ಸರಿಸಿ, ಉಗುರಿನಷ್ಟು ಎಲೆಯನ್ನೂ ಹುಡುಕಬೇಕು.

1865ರಲ್ಲಿ ಕರ್ನಲ್ ಡ್ರೂರಿ ಈ ಗಿಡವನ್ನು ಕಂಡ ಮೇಲೆ ಅಂದದ ಆಸೆಗೆ ಬಿದ್ದ ಸಂಗ್ರಾಹಕರು ಬುಡಸಮೇತ ಕಿತ್ತು ಸಾಗಿಸಿದರು. ಕಾಳ್ಗಿಚ್ಚಿನ ಹಾವಳಿ ಬೇರೆ. ಈಗ ಇದು ಅಳಿವಿನ ತೀರಾ ಅಂಚಿನಲ್ಲಿದೆ. ಇಂಥ ಗಿಡಗಳ ವರದಿಯಲ್ಲಿ ಬೆಟ್ಟದ ಹೆಸರು ಬರೆಯಬಹುದು, ಎತ್ತರವನ್ನೂ ಬರೆಯಬಹುದು. ಕೀಳುವವರಿಗೆ ದಾರಿ ಸಿಗದಂತೆ ಜಿಪಿಎಸ್ ಅಂಕಿಗಳ ಜಾಗ ಮಾತ್ರ ಖಾಲಿ ಇರಬೇಕು.