ಭೂತಾನಿನಲ್ಲಿ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ

ಫೋನ್ ಮಾಡಿದವರು ದಾವಣಗೆರೆಯವರು. ಮೂರು ಕುಟುಂಬ, ಒಟ್ಟು ಹದಿನೆಂಟು ಜನ. "ಮೇಡಂ, ನಮಗೆ ಏಳು ರಾತ್ರಿ ಇದೆ. ಥಿಂಪು, ಪುನಾಖಾ, ಫೋಬ್ಜಿಖಾ, ಬುಮ್ತಾಂಗ್, ಪಾರೋ. ಎಲ್ಲ ಆಗುತ್ತೆ ಅಲ್ವಾ? ಮ್ಯಾಪ್ ನೋಡಿದೆ, ಎಲ್ಲ ಹತ್ತಿರ ಹತ್ತಿರಾನೇ ಇದೆ" ಎಂದರು. ಐದೂ ಹೆಸರನ್ನು ಕಾಗದದ ಮೇಲೆ ಬರೆದುಕೊಂಡೆ. ಬುಮ್ತಾಂಗ್ ಮೇಲೆ ಗೀಟು ಹಾಕಿದೆ. ಅದನ್ನು ಹೇಳಿದಾಗ ಅವರಿಗೆ ಬೇಸರವಾಯಿತು. ಬೇರೆ ಏಜೆನ್ಸಿಯವರು ಐದೂ ಊರು ತೋರಿಸುತ್ತೇವೆ ಅಂದಿದ್ದರಂತೆ.

ಹದಿನಾಲ್ಕು ವರ್ಷದಿಂದ ನಾನು ಕನ್ನಡದ ಗುಂಪುಗಳನ್ನು ರಸ್ತೆ ದಾರಿಯಲ್ಲಿ ಭೂತಾನಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಕೋವಿಡ್ ಕಾಲದಲ್ಲಿ ಆ ದೇಶ ಬಾಗಿಲು ಮುಚ್ಚಿ, 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯಿತು. ಆ ಎರಡೂವರೆ ವರ್ಷ ಬಿಟ್ಟರೆ ಪ್ರತಿ ಸೀಸನ್‌ನಲ್ಲೂ ಹೋಗಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಗಟ್ಟಿಯಾಗಿ ಕಲಿತ ವಿಷಯ ಇದೊಂದೇ: ಭೂತಾನಿನ ಪ್ರವಾಸವನ್ನು ಊರುಗಳ ಪಟ್ಟಿ ನೋಡಿ ಆರಿಸಬೇಡಿ. ದಿನಕ್ಕೆ ಎಷ್ಟು ಗಂಟೆ ಬಸ್ಸಿನಲ್ಲಿ ಕೂರಬೇಕು ಎಂದು ಕೇಳಿ.

ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ನಾಲ್ಕೂವರೆ ಗಂಟೆಯಲ್ಲಿ, ಮಧ್ಯೆ ಕಾಫಿ ಕುಡಿದುಕೊಂಡೇ ಬಂದುಬಿಡುತ್ತೀರಿ. ಭೂತಾನಿನ ಗಡಿಯ ಊರು ಫುಂಟ್‌ಶೋಲಿಂಗ್‌ನಿಂದ ರಾಜಧಾನಿ ಥಿಂಪುವಿಗೆ ಇರುವುದು 150 ಕಿಲೋಮೀಟರ್ ಚಿಲ್ಲರೆ. ಆದರೆ ಐದರಿಂದ ಆರು ಗಂಟೆ ಬೇಕು. ಪುನಾಖಾದಿಂದ ಬುಮ್ತಾಂಗ್‌ಗೆ ಹೋಗಲು ಇಡೀ ದಿನ ಬೇಕು. ಪೆಲೆಲಾ ಹತ್ತಿ ಇಳಿದು, ಟ್ರೋಂಗ್ಸಾ ಸೇರಿ, ಮತ್ತೆ ಯೋಟೋಂಗ್‌ಲಾ ಹತ್ತಿ ಇಳಿಯಬೇಕು. ಎರಡೂ ಮಲೆದಾರಿಗಳು 3,400 ಮೀಟರ್ ಎತ್ತರದವು. ವಾಪಸು ಬರುವುದೂ ಅದೇ ರಸ್ತೆಯಲ್ಲೇ. ಅಂದರೆ ಏಳು ದಿನದಲ್ಲಿ ಎರಡು ಪೂರ್ತಿ ದಿನ ಸೀಟಿನಲ್ಲೇ ಕಳೆದುಹೋಗುತ್ತವೆ. ಬುಮ್ತಾಂಗ್ ಅದ್ಭುತವಾದ ಜಾಗ, ಜಂಬೇ ಲಾಖಾಂಗ್ ತುಂಬಾ ಹಳೆಯ ದೇವಸ್ಥಾನ. ಹತ್ತು ರಾತ್ರಿ ಇಟ್ಟುಕೊಂಡು ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ.

ಯಾಕಿಷ್ಟು ನಿಧಾನ? ಚಾರ್ಮಾಡಿ ಘಾಟಿ ಗೊತ್ತಲ್ಲ, ಒಂದು ಗಂಟೆ ತಲೆ ಸುತ್ತಿದರೂ ಆಮೇಲೆ ಬಯಲು ಸಿಗುತ್ತದೆ. ಭೂತಾನಿನಲ್ಲಿ ಘಾಟಿ ಮುಗಿಯುವುದೇ ಇಲ್ಲ. ರಸ್ತೆ ಬೆಟ್ಟದ ಪಕ್ಕೆಗೆ ಅಂಟಿಕೊಂಡು ನದಿಯವರೆಗೆ ಇಳಿಯುತ್ತದೆ, ಸೇತುವೆ ದಾಟಿ ಮತ್ತೆ ಹತ್ತುತ್ತದೆ. ಥಿಂಪು ಇರುವುದು 2,300 ಮೀಟರ್ ಎತ್ತರದಲ್ಲಿ. ಪುನಾಖಾ ಅಲ್ಲಿಂದ ಎಪ್ಪತ್ತೈದು ಕಿಲೋಮೀಟರ್. ಆ ಎಪ್ಪತ್ತೈದರಲ್ಲಿ ನೀವು 3,100 ಮೀಟರ್‌ನ ದೋಚುಲಾಕ್ಕೆ ಏರಿ, 1,250 ಮೀಟರ್‌ಗೆ ಇಳಿಯುತ್ತೀರಿ. ಮೇಲೆ ಹಲ್ಲು ಕಟಕಟಿಸುವ ಚಳಿ, ಪೈನ್ ಜಾತಿಯ ಮರ. ಕೆಳಗೆ ಬಾಳೆಗಿಡ, ಭತ್ತದ ಗದ್ದೆ. ಅದಕ್ಕೇ ಸ್ವೆಟರನ್ನು ಸೂಟ್‌ಕೇಸಿಗೆ ಹಾಕಬೇಡಿ, ಕೈಯಲ್ಲಿರಲಿ ಎಂದು ಪ್ರತಿ ಗುಂಪಿಗೂ ಹೇಳುತ್ತೇನೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಎರಡನೇ ವರ್ಷದ ಪ್ರವಾಸದಲ್ಲಿ, ಒಂದು ಊರು ಜಾಸ್ತಿ ತೋರಿಸಬೇಕೆಂಬ ಆಸೆಗೆ, ಪುನಾಖಾದಿಂದ ಫೋಬ್ಜಿಖಾಕ್ಕೆ ಹೋಗಿ ಅದೇ ದಿನ ಥಿಂಪುವಿಗೆ ವಾಪಸಾಗುವ ಹಾಗೆ ಪ್ಲ್ಯಾನ್ ಮಾಡಿದ್ದೆ. ದಾರಿಯಲ್ಲಿ ಮಣ್ಣು ಕುಸಿದು ಒಂದೂವರೆ ಗಂಟೆ ನಿಂತೆವು. ದೋಚುಲಾ ಹತ್ತುವಷ್ಟರಲ್ಲಿ ಕತ್ತಲೆ, ಜೊತೆಗೆ ಮಂಜು. ಗುಂಪಿನಲ್ಲಿ ಅರವತ್ತೆಂಟು ವರ್ಷದ ಒಬ್ಬರು ಅಮ್ಮ ಇದ್ದರು. ವಾಂತಿ ಮಾಡಿ ಮಾಡಿ ಕೂರಲೂ ಆಗದ ಹಾಗಾಗಿದ್ದರು. ಹೋಟೆಲ್ ಸೇರಿದಾಗ ರಾತ್ರಿ ಒಂಬತ್ತೂವರೆ. ಅವರು ನನ್ನನ್ನು ಬೈಯಲಿಲ್ಲ. "ನಿನಗೂ ಸುಸ್ತಾಗಿರುತ್ತೆ, ಏನಾದರೂ ತಿಂದು ಮಲಗಮ್ಮಾ" ಎಂದರು. ಮುಂದಿನ ಎರಡು ದಿನ ಅವರು ರೂಮಿನಿಂದ ಹೊರಗೆ ಬರಲಿಲ್ಲ. ಅವತ್ತಿನಿಂದ ನನ್ನ ನಿಯಮ ಗಟ್ಟಿ: ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಓಡಾಟ ಇರಬಾರದು. ಒಳಗೆ ಬರುವ ದಿನ, ಹೊರಗೆ ಹೋಗುವ ದಿನ ಮಾತ್ರ ಬಿಟ್ಟು. ಕತ್ತಲಾಗುವ ಮುಂಚೆ ಎಲ್ಲರೂ ಹೋಟೆಲಿನಲ್ಲಿರಬೇಕು.

ದಾರಿ ಶುರುವಾಗುವುದು ಬಂಗಾಳದಲ್ಲಿ. ಬೆಂಗಳೂರಿನಿಂದ ವಿಮಾನದಲ್ಲಿ ಬಾಗ್‌ಡೋಗ್ರಾ. ಅಲ್ಲಿಂದ ಡುವಾರ್ಸ್‌ನ ಚಹಾ ತೋಟಗಳ ನಡುವೆ ನಾಲ್ಕು ಗಂಟೆ ಹೋದರೆ ಜೈಗಾಂವ್. ಅಲ್ಲೊಂದು ಬಣ್ಣದ ಮಹಾದ್ವಾರ ಇದೆ. ಈಚೆ ಆಟೋ, ಹಾರ್ನ್, ತಳ್ಳುಗಾಡಿ, ಜನಜಂಗುಳಿ. ಆಚೆ ಫುಂಟ್‌ಶೋಲಿಂಗ್, ಹಾರ್ನ್ ಸದ್ದೇ ಇಲ್ಲ. ಗಡಿಯಾರವನ್ನೂ ಅರ್ಧ ಗಂಟೆ ಮುಂದಕ್ಕೆ ತಿರುಗಿಸಬೇಕು. ಲಗೇಜನ್ನು ಇಲ್ಲೇ ಭೂತಾನಿನ ಗಾಡಿಗೆ ಬದಲಾಯಿಸುತ್ತೇವೆ. ಹದಿನೆಂಟು ಜನಕ್ಕೆ ಕೋಸ್ಟರ್ ಬಸ್, ಸಣ್ಣ ಕುಟುಂಬಕ್ಕೆ ಹೈಏಸ್ ವ್ಯಾನ್. ನಮ್ಮ ಕಡೆಯ ಉದ್ದ ಬಸ್ಸುಗಳಿಗೆ ಆ ತಿರುವುಗಳು ಆಗಿಬರುವುದಿಲ್ಲ.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಭಾರತೀಯರಿಗೆ ವೀಸಾ ಬೇಡ, ಪರ್ಮಿಟ್ ಬೇಕು. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ. ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ ತನ್ನಿ. ನಮ್ಮಲ್ಲಿ ಎಷ್ಟೋ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇರುತ್ತವೆ, ಹೊರಡುವ ತಿಂಗಳ ಮುಂಚೆಯೇ ನೋಡಿಕೊಳ್ಳಿ. ಒಳನಾಡಿನಲ್ಲಿ ಕಳೆಯುವ ಪ್ರತಿ ರಾತ್ರಿಗೆ ದೊಡ್ಡವರು ಒಬ್ಬೊಬ್ಬರೂ 1,200 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು. ಬೇರೆ ಬಹುತೇಕ ದೇಶದವರಿಗೆ ಇದು 100 ಡಾಲರ್. ಆರರಿಂದ ಹನ್ನೆರಡು ವರ್ಷದವರಿಗೆ ಅರ್ಧ, ಇನ್ನೂ ಚಿಕ್ಕ ಮಕ್ಕಳಿಗೆ ಇಲ್ಲ. ಪ್ಯಾಕೇಜ್ ಬೆಲೆ ತೀರಾ ಕಡಿಮೆ ಕಂಡರೆ, ಈ ಶುಲ್ಕ ಅದರೊಳಗೆ ಸೇರಿದೆಯಾ ಎಂದು ಮೊದಲು ಕೇಳಿ.

ಫುಂಟ್‌ಶೋಲಿಂಗ್ ಬರೀ 300 ಮೀಟರ್ ಎತ್ತರ. ಮಂಗಳೂರಿನ ಹಾಗೆ ಬೆವರು. ಬೆಳಿಗ್ಗೆ ಹೊರಟರೆ ಗೇಡು ಹತ್ತಿರ ಮಂಜು ಮುಸುಕುತ್ತದೆ. ಡ್ರೈವರ್ ಲೈಟ್ ಹಾಕಿಕೊಂಡು ಆಮೆಯ ಹಾಗೆ ಹೋಗುತ್ತಾರೆ. ಅವರನ್ನು ಅವಸರ ಮಾಡಬೇಡಿ. ತಕ್ತಿಯಲ್ಲಿ ದಂತಕ್‌ನವರ ಕ್ಯಾಂಟೀನ್ ಇದೆ, ಮಸಾಲೆ ದೋಸೆ ಸಿಗುತ್ತದೆ. ಭೂತಾನಿನ ಬೆಟ್ಟದಲ್ಲಿ ದೋಸೆ ಕಂಡು ನಮ್ಮವರ ಮುಖ ಅರಳುವುದನ್ನು ಪ್ರತಿ ಸಲ ನೋಡುತ್ತೇನೆ.

ದಂತಕ್ ಅಂದರೆ ನಮ್ಮ ದೇಶದ ಗಡಿ ರಸ್ತೆಗಳ ಸಂಸ್ಥೆಯ ಭೂತಾನ್ ಯೋಜನೆ. 1961ರಲ್ಲಿ ಶುರುವಾಯಿತು. ಈ ರಸ್ತೆ ಅವರದೇ ಕೆಲಸ. ಅದಕ್ಕೂ ಮುಂಚೆ ಈ ದೇಶದಲ್ಲಿ ಗಾಡಿ ಓಡುವ ದಾರಿಯೇ ಇರಲಿಲ್ಲ. 1958ರಲ್ಲಿ ನೆಹರೂ ಪಾರೋಗೆ ಹೋದಾಗ ಸಿಕ್ಕಿಂನ ನಾಥುಲಾ ದಾಟಿ, ಟಿಬೆಟ್‌ನ ಚುಂಬಿ ಕಣಿವೆಯ ಮೂಲಕ ಕುದುರೆ ಸವಾರಿಯಲ್ಲಿ ದಿನಗಟ್ಟಲೆ ಪ್ರಯಾಣ ಮಾಡಿದ್ದರು. ರಸ್ತೆ ಕಡಿಯುವಾಗ ಬಂಡೆ ಉರುಳಿ, ಮಣ್ಣು ಕುಸಿದು ಜೀವ ಬಿಟ್ಟವರು ಬಹಳ ಜನ. ದಾರಿ ಬದಿಯ ಸ್ಮಾರಕದ ಹತ್ತಿರ ಬಸ್ ನಿಲ್ಲಿಸಿ ಒಂದು ನಿಮಿಷ ಮೌನವಾಗಿ ನಿಲ್ಲುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಆಮೇಲೆ "ಇನ್ನೂ ಎಷ್ಟು ದೂರ?" ಅನ್ನುವ ಪ್ರಶ್ನೆ ಕಡಿಮೆಯಾಗುತ್ತದೆ.

ಇನ್ನು ಗೈಡ್ ವಿಷಯ. "ನೀವೇ ಇದ್ದೀರಲ್ಲ, ಅಲ್ಲಿನ ಗೈಡ್ ಯಾಕೆ?" ಎಂದು ತುಂಬಾ ಜನ ಕೇಳುತ್ತಾರೆ. ಥಿಂಪು, ಪಾರೋ ದಾಟಿ ಹೋಗಲು ಲೈಸೆನ್ಸ್ ಇರುವ ಗೈಡ್ ಬೇಕೆಂಬುದು ಅಲ್ಲಿನ ನಿಯಮ. ಆದರೆ ನಿಯಮ ಇಲ್ಲದಿದ್ದರೂ ನಾನು ಗೈಡ್ ಇಲ್ಲದೆ ಹೋಗುತ್ತಿರಲಿಲ್ಲ. ನನಗೆ ದಾರಿ ಗೊತ್ತು, ಹೋಟೆಲ್ ಗೊತ್ತು, ಯಾರಿಗೆ ಈರುಳ್ಳಿ ಹಾಕಬಾರದು ಅನ್ನುವುದೂ ಗೊತ್ತು. ಅವರಿಗೆ ಮನೆ ಗೊತ್ತು.

ದೋಚುಲಾ ನೋಡಿ. ಮಲೆದಾರಿಯ ನೆತ್ತಿಯಲ್ಲಿ 108 ಚೋರ್ಟೆನ್‌ಗಳಿವೆ, ಅಂದರೆ ಬೌದ್ಧ ಸ್ತೂಪಗಳು. ಚಳಿಗಾಲದ ತಿಳಿ ಬೆಳಿಗ್ಗೆಯಾದರೆ ಹಿಂದೆ ಹಿಮದ ಸಾಲು. ಅದರಲ್ಲಿ ಗಂಗ್‌ಖರ್ ಪುಯೆನ್ಸುಮ್ ಅನ್ನುವುದು 7,570 ಮೀಟರ್ ಎತ್ತರದ್ದು, ಇಂದಿಗೂ ಯಾರೂ ಹತ್ತದ ಶಿಖರ. ಭೂತಾನಿನಲ್ಲಿ ಪರ್ವತಾರೋಹಣವನ್ನೇ ನಿಷೇಧಿಸಿದ್ದಾರೆ. ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಾರೆ. ಆಗ ಗೈಡ್ ಹೇಳುತ್ತಾರೆ: 2003ರ ಡಿಸೆಂಬರ್‌ನಲ್ಲಿ ಭಾರತದ ಉಗ್ರಗಾಮಿ ಗುಂಪುಗಳು ಭೂತಾನಿನ ದಕ್ಷಿಣದ ಕಾಡಿನಲ್ಲಿ ಬೀಡುಬಿಟ್ಟಿದ್ದವು. ಅವರನ್ನು ಓಡಿಸಲು ನಾಲ್ಕನೇ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್ ತಾವೇ ಸೇನೆಯ ಮುಂದೆ ನಿಂತರು. ಅಲ್ಲಿ ಮಡಿದ ಸೈನಿಕರ ನೆನಪಿಗೆ ರಾಣಿ ದೋರ್ಜಿ ವಾಂಗ್ಮೊ ಕಟ್ಟಿಸಿದ ಚೋರ್ಟೆನ್‌ಗಳಿವು. ಕೇಳಿದ ಮೇಲೆ ನಮ್ಮವರು ಮೊಬೈಲ್ ಒಳಗಿಟ್ಟು ಪ್ರದಕ್ಷಿಣೆ ಹಾಕುತ್ತಾರೆ. ಪ್ರದಕ್ಷಿಣೆಯ ಕ್ರಮ ನಮ್ಮದೇ, ಬಲಕ್ಕೆ ಇಟ್ಟುಕೊಂಡು ಸುತ್ತುವುದು.

ಪುನಾಖಾ ಹತ್ತಿರದ ಗುಡಿ ಚಿಮಿ ಲಾಖಾಂಗ್‌ನ ದಾರಿಯಲ್ಲಂತೂ ಗೈಡ್ ಇಲ್ಲದೆ ಆಗುವುದಿಲ್ಲ. ಅಲ್ಲಿ ಮನೆ ಗೋಡೆಗಳ ಮೇಲೆ ದೊಡ್ಡದಾಗಿ ಲಿಂಗದ ಚಿತ್ರ ಬರೆದಿರುತ್ತಾರೆ. ಪುರುಷನ ಅಂಗವೇ, ಮುಚ್ಚುಮರೆ ಇಲ್ಲ. ಮಕ್ಕಳು ಮೊಮ್ಮಕ್ಕಳ ಜೊತೆ ಬಂದವರು ತಲೆ ತಗ್ಗಿಸಿಬಿಡುತ್ತಾರೆ. ಕೆಟ್ಟದ್ದು ಮನೆಯೊಳಗೆ ಬಾರದಿರಲಿ, ಮಕ್ಕಳಿಲ್ಲದವರಿಗೆ ಮಕ್ಕಳಾಗಲಿ ಎಂದು ಬರೆಯುವುದು ಎಂದು ಗೈಡ್ ಸಹಜವಾಗಿ ಹೇಳುತ್ತಾರೆ. ನಮ್ಮ ಬಾಗಿಲಿಗೆ ಬೂದುಗುಂಬಳ ಕಟ್ಟುವುದಿಲ್ಲವಾ, ಹೊಸ ಮನೆಗೆ ದೃಷ್ಟಿ ಬೊಂಬೆ ಇಡುವುದಿಲ್ಲವಾ ಎಂದು ನಾನು ಸೇರಿಸುತ್ತೇನೆ. ಮುಜುಗರ ಹೋಗುತ್ತದೆ. ಮಗುವಿಗಾಗಿ ಹರಕೆ ಹೊತ್ತು ಆ ಗುಡಿಗೆ ನಡೆದುಹೋಗುವ ದಂಪತಿಗಳನ್ನು ಆಮೇಲೆ ಅವರು ಬೇರೆ ಕಣ್ಣಿನಿಂದ ನೋಡುತ್ತಾರೆ.

ಜೋಂಗ್‌ಗೆ, ಅಂದರೆ ಕೋಟೆ, ಮಠ, ಕಚೇರಿ ಮೂರೂ ಒಂದೇ ಆಗಿರುವ ಕಟ್ಟಡಕ್ಕೆ, ಹೋಗುವ ಮುಂಚೆ ಗೈಡ್ ತಾವು ಉಟ್ಟ ಘೋ ಎಂಬ ನಿಲುವಂಗಿ ಸರಿಮಾಡಿಕೊಂಡು ಹೆಗಲ ಮೇಲೆ ಬಿಳಿಯ ಶಾಲು, ಕಬ್ನೆ, ಹೊದ್ದುಕೊಳ್ಳುತ್ತಾರೆ. ನಾವೂ ತೋಳು ಮುಚ್ಚುವ ಅಂಗಿ, ಪೂರ್ತಿ ಉದ್ದದ ಪ್ಯಾಂಟ್ ಹಾಕಿರಬೇಕು, ಟೋಪಿ ತೆಗೆಯಬೇಕು. ಸೀರೆ, ಚೂಡಿದಾರ್‌ಗೆ ಏನೂ ತೊಂದರೆಯಿಲ್ಲ. ಪುನಾಖಾದ ಜೋಂಗ್ ಫೋ ಛು, ಮೋ ಛು ಅನ್ನುವ ಎರಡು ನದಿಗಳು ಸೇರುವ ಜಾಗದಲ್ಲಿದೆ. ಒಂದನ್ನು ಗಂಡು, ಇನ್ನೊಂದನ್ನು ಹೆಣ್ಣು ಎನ್ನುತ್ತಾರೆ. 1637ರಲ್ಲಿ, ಭೂತಾನನ್ನು ಒಂದುಗೂಡಿಸಿದ ಧರ್ಮಗುರು ಜಬ್ದ್ರುಂಗ್ ಕಟ್ಟಿಸಲು ಶುರುಮಾಡಿದ್ದು. 1907ರಲ್ಲಿ ಮೊದಲ ದೊರೆಗೆ ಪಟ್ಟ ಕಟ್ಟಿದ್ದೂ ಇಲ್ಲೇ. 1994ರಲ್ಲಿ ಮೇಲಿನ ಹಿಮಸರೋವರ ಒಡೆದು ಫೋ ಛು ಉಕ್ಕಿತು, ಜೋಂಗ್‌ಗೂ ಪೆಟ್ಟು ಬಿತ್ತು. ಸೇತುವೆಯ ಮೇಲೆ ನಿಂತು ನೀರು ಎಲ್ಲಿಯವರೆಗೆ ಬಂತೆಂದು ಗೈಡ್ ಕೈ ತೋರಿಸುವಾಗ, ಅಷ್ಟು ಚಂದದ ನದಿಯನ್ನು ನೋಡಿ ಭಯವೂ ಆಗುತ್ತದೆ.

ಒಂದು ಸಣ್ಣ ಮಾತು ಕಲಿತುಕೊಂಡು ಹೋಗಿ: 'ಲಾ'. ಮಾತಿನ ಕೊನೆಗೆ ಗೌರವಕ್ಕೆ ಸೇರಿಸುವುದು, ನಮ್ಮ 'ರೀ' ಇದ್ದ ಹಾಗೆ. ಕುಜುಜಾಂಗ್‌ಪೊ ಲಾ ಅಂದರೆ ನಮಸ್ಕಾರ, ಕಡ್ರಿಂಚೆ ಲಾ ಅಂದರೆ ಧನ್ಯವಾದ. ದೋಚುಲಾ, ಪೆಲೆಲಾದಲ್ಲಿರುವ 'ಲಾ' ಬೇರೆ, ಅದಕ್ಕೆ ಮಲೆದಾರಿ ಎಂದು ಅರ್ಥ.

ದಾವಣಗೆರೆಯವರು ಕೊನೆಗೆ ನನ್ನ ಮಾತು ಕೇಳಿದರು. ಬುಮ್ತಾಂಗ್ ಬಿಟ್ಟು ಉಳಿದ ಎರಡು ದಿನದಲ್ಲಿ ಒಂದನ್ನು ಫೋಬ್ಜಿಖಾಕ್ಕೆ ಕೊಟ್ಟೆ, ಇನ್ನೊಂದನ್ನು ಪಾರೋಗೆ. ಹೋದದ್ದು ನವೆಂಬರ್ ಕೊನೆಗೆ. ಆಗ ಟಿಬೆಟ್‌ನಿಂದ ಕಪ್ಪು ಕತ್ತಿನ ಕೊಕ್ಕರೆಗಳು ಬಂದಿರುತ್ತವೆ. ಕಣಿವೆಯ ತಳದ ಜೌಗು ಬಯಲೇ ಅವುಗಳ ಚಳಿಗಾಲದ ಮನೆ. ಹಾರುವಾಗ ತಂತಿಗೆ ಬಡಿಯದಿರಲಿ ಎಂದು ಊರಿನ ಕರೆಂಟ್ ತಂತಿಗಳನ್ನು ನೆಲದಡಿ ಹಾಕಿದ್ದಾರೆ. ಬೆಳಿಗ್ಗೆ ಆರಕ್ಕೆ ಎದ್ದು, ಮಂಜಿನಲ್ಲಿ ಅವುಗಳ ಕೂಗು ಕೇಳುತ್ತಾ ಎಲ್ಲರೂ ನಿಂತಿದ್ದರು. ಓಡಿ ಬಂದು ಓಡಿ ಹೋಗುವವರಿಗೆ ಆ ಬೆಳಗು ಸಿಗುವುದಿಲ್ಲ.

ಅವತ್ತೇ ಮೇಲಿನ ಗಂಗ್ತೇ ಮಠಕ್ಕೆ ಹೋದೆವು. ನಮ್ಮ ಮಾತು ಕೇಳಿಸಿಕೊಂಡ ಒಬ್ಬ ಸನ್ಯಾಸಿ ಹತ್ತಿರ ಬಂದು "ಎಲ್ಲಿಂದ ಬಂದ್ರಿ?" ಎಂದು ಕನ್ನಡದಲ್ಲೇ ಕೇಳಿದರು. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಎಂಟು ವರ್ಷ ಓದಿದ್ದರಂತೆ. ಎರಡೂ ಮಠ ಟಿಬೆಟನ್ ಬೌದ್ಧರ ನ್ಯಿಂಗ್ಮಾ ಪರಂಪರೆಯವು. ಬೈಲಕುಪ್ಪೆಯಲ್ಲಿ ಭೂತಾನಿನ ಹುಡುಗರು ಓದುವುದು ಹೊಸದಲ್ಲ. ನಮ್ಮ ಗುಂಪಿನ ಅಜ್ಜಿ ಅವರಿಗೆ ಚಕ್ಕುಲಿ ಡಬ್ಬಿಯನ್ನೇ ಕೊಟ್ಟುಬಿಟ್ಟರು.

ಪಾರೋ ಯಾವಾಗಲೂ ಕೊನೆಗೆ ಇರಬೇಕು, ತಕ್ತ್ಸಾಂಗ್ ಅದರ ಕೊನೆಗೆ. ಇದು ನನ್ನ ಹಟ. ಕಡಿದಾದ ಬಂಡೆಗೆ ಅಂಟಿಕೊಂಡಿರುವ ಆ ಮಠಕ್ಕೆ ನಡೆದೇ ಹೋಗಬೇಕು. 2,600 ಮೀಟರ್‌ನಿಂದ 3,100 ದಾಟುವವರೆಗೆ ಏರು. ಬಂದ ಮಾರನೇ ದಿನವೇ ಹತ್ತಿಸಿದರೆ ಎದೆ ಹೊಡೆದುಕೊಳ್ಳುತ್ತದೆ. ಐದಾರು ದಿನ ಎತ್ತರದಲ್ಲಿ ಮಲಗಿದ ಮೇಲೆ ಶ್ವಾಸಕ್ಕೆ ಅಭ್ಯಾಸವಾಗಿರುತ್ತದೆ. ಮೊದಲರ್ಧಕ್ಕೆ ಕುದುರೆ ಸಿಗುತ್ತದೆ, ಇಳಿಯುವಾಗ ಸಿಗುವುದಿಲ್ಲ. ಕೊನೆಯಲ್ಲಿ ಸುಮಾರು 700 ಮೆಟ್ಟಿಲು, ಇಳಿದು ಹತ್ತಬೇಕು. ಮಂಡಿ ನೋವಿರುವವರಿಗೆ ನಾನು ನೇರವಾಗಿ ಹೇಳುತ್ತೇನೆ: ಅರ್ಧ ದಾರಿಯ ಕ್ಯಾಂಟೀನಿನವರೆಗೆ ಬನ್ನಿ, ಅಲ್ಲಿಂದ ಮಠ ಎದುರಿಗೇ ಕಾಣುತ್ತದೆ, ಸಾಕು. ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ಹೊರಡುವ ಮುಂಚೆಯೇ ಡಾಕ್ಟರನ್ನು ಕೇಳಿ ಬನ್ನಿ. ವಾಂತಿ ಮಾತ್ರೆಯೂ ಅಷ್ಟೇ. ಬಸ್ ಹತ್ತುವ ಮುಂಚೆ ತೆಗೆದುಕೊಳ್ಳಬೇಕು, ತಿರುವು ಶುರುವಾದ ಮೇಲೆ ಅಲ್ಲ.

ದಾವಣಗೆರೆಯ ಹದಿನೆಂಟರಲ್ಲಿ ಹನ್ನೊಂದು ಜನ ಮೇಲೆ ಹೋದರು. ಏಳು ಜನ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ, ಬಂಡೆಯ ಮೇಲಿನ ಬಿಳಿ ಗೋಡೆಗಳ ಮುಂದೆ ಮೋಡ ಸರಿಯುವುದನ್ನು ನೋಡುತ್ತಾ ಕೂತರು. ಫೋನ್ ಮಾಡಿದ್ದರಲ್ಲ, ಅವರೂ ಆ ಏಳರಲ್ಲಿದ್ದರು. "ಮೇಡಂ, ಬುಮ್ತಾಂಗ್‌ಗೆ ಎಷ್ಟು ದಿನ ಬೇಕು ಅಂದ್ರಿ?" ಎಂದು ಕೇಳಿದರು. ಹತ್ತು ರಾತ್ರಿ ಎಂದೆ. ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು.