ಲಿನಕ್ಸೋ ವಿಂಡೋಸೋ: ಅಪ್‌ಡೇಟ್ ಆದ ಮರುದಿನ ನೋಡಿ

ಲಿನಕ್ಸ್ ಕೆಡುವುದೇ ಇಲ್ಲ, ವಿಂಡೋಸ್ ಮಾತೆತ್ತಿದರೆ ನೀಲಿ ಪರದೆ ತೋರಿಸುತ್ತದೆ ಎಂಬ ಮಾತು ಹಳತಾಯಿತು. ಎರಡರ ಕರ್ನಲ್‌ಗಳೂ (ಯಂತ್ರಾಂಶವನ್ನು ನಿಭಾಯಿಸುವ ತಿರುಳು ಭಾಗ) ಈಗ ಗಟ್ಟಿಮುಟ್ಟಾಗಿವೆ. 2017ರ ನವೆಂಬರ್‌ನಿಂದ ಜಗತ್ತಿನ ಅತಿ ವೇಗದ 500 ಯಂತ್ರಗಳ ಟಾಪ್500 ಪಟ್ಟಿಯ ಅಷ್ಟೂ ಸೂಪರ್‌ಕಂಪ್ಯೂಟರ್‌ಗಳು ಲಿನಕ್ಸ್‌ನಲ್ಲೇ ಓಡುತ್ತಿವೆ, ನಿಜ. ಆದರೆ ನಿಮ್ಮ ಲ್ಯಾಪ್‌ಟಾಪಿನ ವೈಫೈ ಬಗ್ಗೆ ಅದು ಏನೂ ಹೇಳುವುದಿಲ್ಲ. ಯಂತ್ರ ಕೈಕೊಡುವುದು ಹೆಚ್ಚಾಗಿ ಕರ್ನಲ್‌ನೊಳಗೆ ಬಂದು ಕೂತ ಹೊರಗಿನವರ ಡ್ರೈವರ್‌ನಿಂದ (ಒಂದೊಂದು ಬಿಡಿಭಾಗವನ್ನು ನಡೆಸುವಂಥ ತಂತ್ರಾಂಶ), ಅದೂ ಏನಾದರೊಂದು ಅಪ್‌ಡೇಟ್ ಆದ ಹೊತ್ತಿನಲ್ಲಿ. ಆದ್ದರಿಂದ ಹೋಲಿಸುವುದಾದರೆ ಅಲ್ಲಿ ಹೋಲಿಸಬೇಕು: ಬದಲಾವಣೆ ಯಾರ ಕೈಯಲ್ಲಿದೆ, ಕೆಟ್ಟರೆ ಹಿಂದಕ್ಕೆ ಹೋಗುವುದು ಎಷ್ಟು ಸಲೀಸು.

2024ರ ಜುಲೈ 19ನ್ನೇ ತೆಗೆದುಕೊಳ್ಳಿ. ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶದ ಒಂದು ಸಣ್ಣ ಫೈಲ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ದೋಷದ ಫೈಲನ್ನು 78 ನಿಮಿಷದಲ್ಲೇ ಹಿಂತೆಗೆದುಕೊಂಡರೂ ಆಗಲೇ ಬಿದ್ದಿದ್ದ ಎಷ್ಟೋ ಯಂತ್ರಗಳು ತಾವಾಗಿ ಏಳಲಿಲ್ಲ. ಒಂದೊಂದರ ಮುಂದೆಯೂ ಕೂತು, ಸೇಫ್ ಮೋಡ್‌ಗೆ ಹೋಗಿ ಆ ಫೈಲನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ (ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದ ಕಡೆ ಅದಕ್ಕೂ ಮೊದಲು 48 ಅಂಕಿಯ ರಿಕವರಿ ಕೀ ಬೇಕಿತ್ತು. ಆ ಕೀ ಇಟ್ಟಿದ್ದ ಸರ್ವರ್ರೇ ಬಿದ್ದಿದ್ದರೆ ಮುಗಿಯಿತು. ಕೀಯನ್ನು ಅದೇ ಯಂತ್ರದಲ್ಲಿ ಇಡಬೇಡಿ, ಕಾಗದದಲ್ಲಾದರೂ ಬರೆದಿಡಿ.

ಲಿನಕ್ಸ್‌ನಲ್ಲಿ ಇದೇ ರೋಗ ಬೇರೆ ರೂಪದಲ್ಲಿ ಬರುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಹಲವು ಕಡೆ ಡಿಕೆಎಂಎಸ್ ಎಂಬ ಸಲಕರಣೆ ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಟ್ಟುತ್ತದೆ. ಆ ಕರ್ನಲ್‌ನ ಹೆಡರ್ ಪ್ಯಾಕೇಜ್ (ಡ್ರೈವರ್ ಕಟ್ಟಲು ಬೇಕಾದ ಫೈಲ್‌ಗಳು) ಇಲ್ಲದಿದ್ದರೆ ಕಟ್ಟುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮರುದಿನ ಕಪ್ಪು ಪರದೆ. ಆದರೆ ಇಲ್ಲಿ ಹಿಂದಿನ ದಾರಿ ತೆರೆದೇ ಇರುತ್ತದೆ. ಬೂಟ್ ಆಗುವಾಗ ಎಸ್ಕೇಪ್ ಒತ್ತಿ (ಹಳೆಯ ಬಯಾಸ್ ಆದರೆ ಶಿಫ್ಟ್ ಹಿಡಿದು) ಯಾವುದರಿಂದ ಶುರುಮಾಡಬೇಕೆಂದು ಕೇಳುವ ಗ್ರಬ್ ಮೆನುವಿಗೆ ಬನ್ನಿ, ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಹಿಂದಿನ ಕರ್ನಲ್ ಆರಿಸಿ. ಒಳಗೆ ಹೋದ ಮೇಲೆ ‘ಡಿಕೆಎಂಎಸ್ ಸ್ಟೇಟಸ್’ (dkms status) ಆದೇಶ ಕೊಟ್ಟರೆ ಯಾವ ಕರ್ನಲ್‌ಗೆ ಡ್ರೈವರ್ ಮಾಡ್ಯೂಲ್ ಇಲ್ಲವೆಂದು ಕಾಣುತ್ತದೆ. ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ಬೂಟ್ ಹೊತ್ತಿಗೆ ತಡೆಯುವ ಸೌಲಭ್ಯ) ಇದ್ದರೆ ಇನ್ನೊಂದು ತೊಡಕು: ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯೊಂದು ಬಂದು ಕೀ ನೋಂದಾಯಿಸಲು ಹೇಳುತ್ತದೆ. ಗಾಬರಿಯಾಗಿ ‘ಕಂಟಿನ್ಯೂ ಬೂಟ್’ ಒತ್ತುವವರೇ ಜಾಸ್ತಿ. ಕೀ ನೋಂದಣಿ ಅಲ್ಲಿಗೆ ತಪ್ಪಿತು, ಡ್ರೈವರ್ ಲೋಡ್ ಆಗುವುದಿಲ್ಲ.

ರೀಬೂಟ್ ವಿಷಯದಲ್ಲಿ ವ್ಯತ್ಯಾಸಕ್ಕೆ ಕಾರಣ ಫೈಲ್‌ಗಳನ್ನು ನಡೆಸಿಕೊಳ್ಳುವ ರೀತಿ. ಬಳಕೆಯಲ್ಲಿರುವ ಡಿಎಲ್‌ಎಲ್ ಫೈಲನ್ನು (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್, ಅಂದರೆ ಲೈಬ್ರರಿ) ವಿಂಡೋಸ್ ಸಾಮಾನ್ಯವಾಗಿ ಬದಲಿಸಲು ಬಿಡುವುದಿಲ್ಲ, ಕೆಲಸವನ್ನು ರೀಬೂಟ್‌ಗೆ ಮುಂದೂಡುತ್ತದೆ. ಲಿನಕ್ಸ್‌ನಲ್ಲಿ ಹಳೆಯ ಫೈಲಿನ ಹೆಸರು ಅಳಿದರೂ ಅದನ್ನು ತೆರೆದಿಟ್ಟ ಪ್ರೋಗ್ರಾಂ ಮುಗಿಯುವವರೆಗೆ ಒಳಗಿನ ದತ್ತಾಂಶ ಉಳಿದಿರುತ್ತದೆ. ಹಾಗಾಗಿ ಕೆಲಸ ನಡೆಯುತ್ತಿರುವಾಗಲೇ ಅಪ್‌ಡೇಟ್ ಮುಗಿಯುತ್ತದೆ. ಅನುಕೂಲವೇ. ಆದರೆ ಮೊದಲಿನಿಂದ ಓಡುತ್ತಿರುವ ಸೇವೆಗಳು ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿರುತ್ತವೆ, ಮುಚ್ಚಿದೆವೆಂದುಕೊಂಡ ಭದ್ರತಾ ಲೋಪ ತೆರೆದೇ ಇರುತ್ತದೆ. ಯಾವುದನ್ನು ಮರುಚಾಲನೆ ಮಾಡಬೇಕೆಂದು ಡೆಬಿಯನ್, ಉಬುಂಟುಗಳಲ್ಲಿ ‘ನೀಡ್‌ರಿಸ್ಟಾರ್ಟ್’ ಹೇಳುತ್ತದೆ. ಸರ್ವರ್ ಮುನ್ನೂರು ದಿನದಿಂದ ನಿಂತಿಲ್ಲ ಎಂದು ಬೀಗುವವರಿದ್ದಾರೆ. ಓಡುತ್ತಿರುವ ಕರ್ನಲನ್ನೇ ರೀಬೂಟ್ ಇಲ್ಲದೆ ತಿದ್ದುವ ಲೈವ್‌ಪ್ಯಾಚ್ ಇಲ್ಲದಿದ್ದರೆ ಮುನ್ನೂರು ದಿನ ಹಳೆಯ ಕರ್ನಲ್ ಓಡುತ್ತಿದೆ ಎಂದೇ ಅದರರ್ಥ.

ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಲಿನಕ್ಸ್ ಹಾಕಿಕೊಂಡವರಿಗೆ ಇನ್ನೊಂದು ಕಾಟ: ಬೂಟ್ ಪಾರ್ಟಿಷನ್ ಬೇರೆಯಾಗಿದ್ದು, ಚಿಕ್ಕದಾಗಿರುತ್ತದೆ. ಹಳೆಯ ಕರ್ನಲ್‌ಗಳು ಸೇರಿ ಅದು ತುಂಬಿದರೆ ಅಪ್‌ಡೇಟ್ ನಡುವೆಯೇ ಮುರಿದುಬೀಳುತ್ತದೆ. ಫೈಲ್‌ಗಳನ್ನು ಕೈಯಿಂದ ಅಳಿಸಲು ಹೋಗಬೇಡಿ. ಉಬುಂಟುವಿನಲ್ಲಿ ‘ಆಪ್ಟ್ ಆಟೋರಿಮೂವ್’ ಕೊಡಿ.

ಕೆಟ್ಟ ಕಾರಣ ಹುಡುಕುವುದರಲ್ಲಿ ನನ್ನ ಮತ ಲಿನಕ್ಸ್‌ಗೆ. ‘ಜರ್ನಲ್‌ಸಿಟಿಎಲ್ -ಬಿ -1 -ಪಿ 3’ (journalctl -b -1 -p 3) ಎಂಬ ಆದೇಶ ಕೊಟ್ಟರೆ ಹಿಂದಿನ ಬೂಟ್‌ನ ದೋಷಗಳಷ್ಟೇ ಸಾಲಾಗಿ ಬರುತ್ತವೆ. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ನೋಡಲು ಚೆಂದ, ಯಾವ ದಿನದಿಂದ ತೊಂದರೆ ಶುರುವಾಯಿತೆಂದು ಒಂದೇ ನೋಟಕ್ಕೆ ತೋರಿಸುತ್ತದೆ. ಆದರೆ ಈವೆಂಟ್ ವ್ಯೂವರ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುವ ‘ಕರ್ನಲ್-ಪವರ್ 41’ ಹೇಳುವುದು ಯಂತ್ರ ಸರಿಯಾಗಿ ಬಂದ್ ಆಗಲಿಲ್ಲ ಎಂಬುದನ್ನಷ್ಟೇ, ಯಾಕೆ ಎಂಬುದನ್ನಲ್ಲ.

ದಿನಬಳಕೆಯ ಸುಖದಲ್ಲಿ ಮಾತ್ರ ವಿಂಡೋಸ್, ಮ್ಯಾಕ್‌ಗಳೇ ಮುಂದು. ಬೇರೆಬೇರೆ ಸಾಂದ್ರತೆಯ ಎರಡು ಪರದೆ ಜೋಡಿಸಿದಾಗ ಅಕ್ಷರ ಮಸುಕಾಗುವುದು, ಮುಚ್ಚಿಟ್ಟ ಲ್ಯಾಪ್‌ಟಾಪ್ ಚೀಲದಲ್ಲೇ ಬಿಸಿಯಾಗುವುದು ಲಿನಕ್ಸ್‌ನಲ್ಲಿ ಇನ್ನೂ ಇದೆ. ಎರಡನೆಯದರಲ್ಲಿ ತಪ್ಪು ಎಷ್ಟೋ ಸಲ ಯಂತ್ರದೊಳಗೇ ಕೂತ ಮೂಲ ತಂತ್ರಾಂಶವಾದ ಫರ್ಮ್‌ವೇರ್‌ನದು: ಆಳನಿದ್ರೆಯ ಸೌಲಭ್ಯವನ್ನೇ ಕೊಟ್ಟಿರುವುದಿಲ್ಲ. ಅಂಥ ಯಂತ್ರ ವಿಂಡೋಸ್‌ನಲ್ಲೂ ಬ್ಯಾಟರಿ ಹೀರುವುದುಂಟು.

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ, ವಿಂಡೋಸ್ 11 ಕೇಳುವ ಟಿಪಿಎಂ 2.0 (ಕೀಗಳನ್ನು ಕಾಯುವ ಭದ್ರತಾ ಘಟಕ) ಇಲ್ಲದ ಯಂತ್ರಗಳಿಗೆ ಲಿನಕ್ಸ್ ಹಾಕುವವರು ಹಲವರು. ಹಾಕುವ ಮೊದಲು 8 ಜಿಬಿಯ ಪೆನ್‌ಡ್ರೈವ್‌ನಿಂದ ಲೈವ್ ಆಗಿ, ಅಂದರೆ ಡಿಸ್ಕಿಗೆ ಹಾಕದೆಯೇ, ಓಡಿಸಿ ವೈಫೈ, ಮೈಕ್, ಪ್ರಿಂಟರ್, ಹೊರಗಿನ ಪರದೆ ನೋಡಿ. ಮುಚ್ಚಳ ಮೂರು ಸಲ ಮುಚ್ಚಿ ತೆರೆಯಿರಿ, ಏಕೆಂದರೆ ಮೊದಲ ಸಲ ಎದ್ದದ್ದು ಎರಡನೆಯ ಸಲ ಏಳದಿರಬಹುದು. ಎರಡನ್ನೂ ಇಟ್ಟುಕೊಳ್ಳುವುದಾದರೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲವಾದರೆ ಅದರ ಡ್ರೈವ್ ಅರೆನಿದ್ರೆಯಲ್ಲೇ ಉಳಿದು, ಲಿನಕ್ಸ್‌ನಿಂದ ಓದಬಹುದೇ ಹೊರತು ಬರೆಯಲಾಗುವುದಿಲ್ಲ.