ಬಿಸಿನೀರು ನಿಲ್ಲಿಸಲು ಮುಚ್ಚಬೇಕಾದದ್ದು ತಣ್ಣೀರಿನ ವಾಲ್ವ್

ಕೋಲಾರದ ಮನೆಗಳಿಂದ ನನಗೆ ಬರುವ ಕರೆಗಳಲ್ಲಿ ತಣ್ಣೀರಿನ ನಲ್ಲಿಗಿಂತ ಬಿಸಿನೀರಿನ ನಲ್ಲಿ ಸೋರುತ್ತಿದೆ ಎಂಬ ದೂರುಗಳೇ ಹೆಚ್ಚು. ಇದಕ್ಕೆ ಕಾರಣ ನಮ್ಮ ನೀರಿನಲ್ಲೇ ಇದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳದ ಬೋರ್‌ವೆಲ್‌ಗಳಿಂದ ಬರುವ ನೀರು ಬಹಳ ಕಡೆ ಗಡುಸು. ಅದನ್ನು ಕಾಯಿಸಿದಾಗ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವಂತೆಯೇ ನಲ್ಲಿಯ ವಾಷರ್ ಕೂರುವ ಜಾಗದಲ್ಲೂ ಕಟ್ಟಿಕೊಳ್ಳುತ್ತದೆ. ಆ ಒರಟು ಅಂಚಿಗೆ ಉಜ್ಜಿ ಉಜ್ಜಿ ರಬ್ಬರ್ ವಾಷರ್ ಬೇಗ ಹರಿಯುತ್ತದೆ.

ವಾಷರ್ ಬದಲಿಸುವುದು ಹತ್ತು ನಿಮಿಷದ ಕೆಲಸ. ತೊಂದರೆಯಾಗುವುದು ಅದಕ್ಕೂ ಮೊದಲು, ಬಿಸಿನೀರನ್ನು ನಿಲ್ಲಿಸುವ ಹಂತದಲ್ಲಿ. ಬಚ್ಚಲಲ್ಲಿ ಹಂಡೆ ಹೂತಿದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ, ಚೊಂಬಿನಲ್ಲಿ ಮೊಗೆದುಕೊಂಡರೆ ಮುಗಿಯುತ್ತಿತ್ತು. ಗೀಸರ್ ಆಗಲಿ, ತಾರಸಿಯ ಸೋಲಾರ್ ಆಗಲಿ, ಕೆಲಸ ಮಾಡುವ ರೀತಿ ಬೇರೆ. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ತಣ್ಣೀರು ಅವುಗಳೊಳಗಿನ ತೊಟ್ಟಿಯ ಕೆಳಭಾಗಕ್ಕೆ ಸೇರಿ, ಮೇಲೆ ನಿಂತಿರುವ ಬಿಸಿನೀರನ್ನು ತಳ್ಳುತ್ತದೆ. ಹಾಗೆ ತಳ್ಳಿದಷ್ಟೇ ನೀರು ನಲ್ಲಿಗೆ ಬರುತ್ತದೆ. ಆದ್ದರಿಂದ ತೊಟ್ಟಿಗೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿದರೆ ಪೈಪಿನಲ್ಲಿದ್ದ ನೀರು ಹರಿದುಹೋದ ಮೇಲೆ ಬಿಸಿನೀರು ತಾನಾಗಿಯೇ ನಿಲ್ಲುತ್ತದೆ. ಬಿಸಿನೀರು ಹೊರಬರುವ ಪೈಪಿಗೂ ಕೆಲವು ಮನೆಗಳಲ್ಲಿ ವಾಲ್ವ್ ಇರುತ್ತದೆ, ಆದರೆ ಉಪ್ಪು, ಅಂದರೆ ಅದೇ ಬಿಳಿಯ ಪದರ, ಕಟ್ಟಿ ಅದು ಪೂರ್ತಿ ಮುಚ್ಚದೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ತಣ್ಣೀರಿನ ವಾಲ್ವ್ ಹೆಚ್ಚು ನಂಬಿಕೆಗೆ ಅರ್ಹ.

ಗೀಸರ್ ಇದ್ದರೆ ವಾಲ್ವ್ ಮುಟ್ಟುವ ಮೊದಲು ಅದರ ಸ್ವಿಚ್ಚನ್ನೂ ಕರೆಂಟಿನ ಬೋರ್ಡಿನಲ್ಲಿರುವ ಎಂಸಿಬಿ ಸ್ವಿಚ್ಚನ್ನೂ ಆರಿಸಬೇಕು. ಒಳಗೆ ನೀರಿಲ್ಲದೆ ಕಾಯಿಲ್ ಕಾದರೆ ಸುಟ್ಟುಹೋಗುತ್ತದೆ. ಸೋಲಾರ್‌ನ ತೊಟ್ಟಿಗೆ ಕರೆಂಟಿನ ಬ್ಯಾಕಪ್ ಇದ್ದರೆ ಅದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕೆಲಸಕ್ಕೆ ನಾನು ಆರಿಸಿಕೊಳ್ಳುವ ಹೊತ್ತು, ಮನೆಯವರೆಲ್ಲರ ಸ್ನಾನ ಮುಗಿದು ಬಿಸಿಲು ಇನ್ನೂ ಏರದ ಬೆಳಗಿನ ಸಮಯ. ಬೇಸಿಗೆಯ ಮಧ್ಯಾಹ್ನ ಸೋಲಾರ್ ನೀರು 60 ಡಿಗ್ರಿಗೂ ಮೇಲೆ ಕಾದಿರುತ್ತದೆ, ಅಷ್ಟು ಬಿಸಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ.

ಸೋಲಾರ್‌ನಲ್ಲಿ ಇನ್ನೊಂದು ಅಂಶವನ್ನು ನೋಡಲೇಬೇಕು. ತೊಟ್ಟಿಯ ಮೇಲೆ ನೆಟ್ಟಗೆ ನಿಂತಿರುವ ಗಾಳಿಯ ಪೈಪು ಉಪ್ಪಿನಿಂದ ಕಟ್ಟಿಕೊಂಡಿದ್ದರೆ, ತಣ್ಣೀರನ್ನು ನಿಲ್ಲಿಸಿ ಕೆಳಗೆ ನಲ್ಲಿ ತೆರೆದಾಗ ಇಳಿಯುವ ನೀರಿನ ಜಾಗಕ್ಕೆ ಗಾಳಿ ಸೇರುವ ದಾರಿಯಿಲ್ಲದೆ, ತೆಳುವಾದ ಒಳತೊಟ್ಟಿ ಒಳಕ್ಕೆ ಕುಸಿಯಬಹುದು. ಹಾಗೆ ಕುಸಿದ ತೊಟ್ಟಿಯನ್ನು ಸರಿಮಾಡಲಾಗದು, ಬದಲಿಸಬೇಕಾಗುತ್ತದೆ. ಒಂದು ವಾಷರಿಗಾಗಿ ಅಂಥ ನಷ್ಟ ಯಾರಿಗೂ ಬೇಡ; ವಾಲ್ವ್ ಮುಚ್ಚುವ ಮುನ್ನ ಆ ಪೈಪಿನ ಬಾಯಿ ತೆರೆದಿದೆಯೇ ಎಂದು ತಾರಸಿಗೆ ಹತ್ತಿ ನೋಡಿಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ನೀರು ನಿಲ್ಲದಿರುವುದುಂಟು. ಟಮಕದ ಕಡೆಯ ಒಂದು ಮನೆಯ ಗೃಹಿಣಿ, "ವಾಲ್ವ್ ಬಿಗಿಯಾಗಿ ಮುಚ್ಚಿದೀನಿ ಅಣ್ಣ, ಆದ್ರೂ ಬಿಸಿನೀರಿನ ನಲ್ಲೀಲಿ ನೀರು ಬರ್ತಾನೇ ಇದೆ" ಎಂದು ಕರೆದಿದ್ದರು. ಹೋಗಿ ಕೈಯಿಟ್ಟು ನೋಡಿದರೆ ಬರುತ್ತಿದ್ದದ್ದು ತಣ್ಣೀರು. ಮೇಲಿನ ಮಹಡಿಯ ಬಚ್ಚಲಿನಲ್ಲಿ ಬಿಸಿನೀರನ್ನೂ ತಣ್ಣೀರನ್ನೂ ಬೆರೆಸಿ ಬಿಡುವ ಮಿಕ್ಸರಿನ ಎರಡೂ ನಲ್ಲಿಗಳನ್ನು ತಿರುಗಿಸಿಟ್ಟು, ಕೈಶವರಿನ ಗುಂಡಿಯಲ್ಲಷ್ಟೇ ನೀರು ನಿಲ್ಲಿಸಿದ್ದರು. ಹೊರಗೆ ದಾರಿಯಿಲ್ಲದ ತಣ್ಣೀರು ಮಿಕ್ಸರಿನೊಳಗಿಂದಲೇ ಬಿಸಿನೀರಿನ ಪೈಪಿಗೆ ದಾಟಿ ಕೆಳಗಿಳಿಯುತ್ತಿತ್ತು. ಮಿಕ್ಸರಿನ ಎರಡು ನಲ್ಲಿಗಳನ್ನು ಮುಚ್ಚಿದೊಡನೆ ಎಲ್ಲವೂ ನಿಂತಿತು. ವಾಲ್ವ್ ಕೆಟ್ಟಿದೆ ಎಂದು ಹೊಸದನ್ನು ತರಿಸುವ ಮೊದಲು ಬರುವ ನೀರು ಬಿಸಿಯೋ ತಣ್ಣಗೋ ಎಂದು ನೋಡಿದರೆ ದುಡ್ಡು ಉಳಿಯುತ್ತದೆ. ಬಿಸಿಯೇ ಆಗಿದ್ದರೆ ವಾಲ್ವ್ ಪೂರ್ತಿ ಮುಚ್ಚಿಲ್ಲ ಎಂದರ್ಥ. ವರ್ಷಗಟ್ಟಲೆ ಮುಟ್ಟದ ಹಿತ್ತಾಳೆಯ ಗೇಟ್ ವಾಲ್ವನ್ನು ರೆಂಚ್ ಹಾಕಿ ತಿರುಗಿಸಬೇಡಿ, ಅದರ ದಂಡ ಮುರಿದರೆ ತೆರೆಯಲೂ ಆಗುವುದಿಲ್ಲ. ಓವರ್‌ಹೆಡ್ ಟ್ಯಾಂಕಿನ ಹೊರದಾರಿಯಲ್ಲೇ ನೀರು ನಿಲ್ಲಿಸಿ.

ನಲ್ಲಿಯನ್ನು ಬಿಚ್ಚುವಾಗ ಗೋಡೆಯೊಳಗಿನ ಸಿಪಿವಿಸಿ ಪೈಪಿನ (ಬಿಸಿನೀರಿಗೆ ಹಾಕುವ ಪ್ಲಾಸ್ಟಿಕ್ ಪೈಪು) ಮೇಲೆ ತಿರುಚುವ ಬಲ ಬೀಳಬಾರದು. ಅದಕ್ಕಾಗಿಯೇ, ಸಾಧ್ಯವಿದ್ದಾಗಲೆಲ್ಲ ನಲ್ಲಿಯನ್ನು ಗೋಡೆಯಿಂದ ಕೀಳದೆ, ಹಿಡಿಯ ಕೆಳಗಿನ ಸ್ಪಿಂಡಲನ್ನಷ್ಟೇ ಬಿಚ್ಚಿ ವಾಷರ್ ಬದಲಿಸುವುದನ್ನು ನಾನು ಒಪ್ಪುತ್ತೇನೆ. ವಾಷರ್ ಕೂರುವ ಅಂಚಿನ ಉಪ್ಪನ್ನು ಕೆರೆದು ತೆಗೆಯದಿದ್ದರೆ ಹೊಸ ವಾಷರೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಕೆಲಸ ಮುಗಿದ ಮೇಲೆ ಬಿಸಿನೀರಿನ ನಲ್ಲಿಯನ್ನು ಮೊದಲು ತೆರೆದಿಟ್ಟು, ಆಮೇಲೆ ತಣ್ಣೀರಿನ ವಾಲ್ವನ್ನು ನಿಧಾನವಾಗಿ ಬಿಡಬೇಕು. ಸೋಲಾರ್‌ನ ಗಾಜಿನ ಕೊಳವೆಗಳು ಖಾಲಿಯಾಗಿ ಬಿಸಿಲಿಗೆ ಕಾದಿದ್ದರೆ ಸಂಜೆ ತಂಪಾಗುವವರೆಗೂ ನೀರು ಬಿಡಬಾರದು, ಒಡೆಯುತ್ತವೆ. ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ನೀರು ಒಂದೇ ಧಾರೆಯಾಗಿ ಬಂದ ಬಳಿಕವೇ ಗೀಸರಿನ ಸ್ವಿಚ್ ಹಾಕಿ.